ಬೋರ್ಡಿನ ಮೇಲೆ ಉಳಿದ ಪ್ರಸ್ತಾರ: ಪಠ್ಯಪುಸ್ತಕ ಬರೆಯುವವರಿಗೆ ಒಬ್ಬ ಗಣಿತ ಮೇಷ್ಟ್ರ ಬಹಿರಂಗ ಪತ್ರ

ಪಠ್ಯಪುಸ್ತಕ ಬರೆಯುವ ಹಿರಿಯರಿಗೆ, ಶಾಲೆಗಳಿಗೆ ಎಐ ತರಲು ಹೊರಟಿರುವವರಿಗೆ, ಕನ್ನಡ ಮೀಡಿಯಂನಲ್ಲಿ ಪಾಠ ಹೇಳುವ ನನ್ನ ಜೊತೆಗಾರರಿಗೆ,

ನಮಸ್ಕಾರ.

ನಾನು ತಾಲ್ಲೂಕು ಕೇಂದ್ರದಿಂದ ಸ್ವಲ್ಪ ದೂರದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಕನ್ನಡ ಪೀರಿಯಡ್ ಮುಗಿದ ಮೇಲೆ ನನ್ನ ಪೀರಿಯಡ್. ಒಂದು ದಿನ ಕ್ಲಾಸಿಗೆ ಹೋದಾಗ ಬೋರ್ಡ್ ತುಂಬ ಭಾಮಿನಿ ಷಟ್ಪದಿ ಇತ್ತು. ಅಕ್ಷರಗಳ ತಲೆಯ ಮೇಲೆ ಲಘು ಗುರುಗಳ ಗುರುತು, ನಡುನಡುವೆ ಗಣಗಳ ಗೆರೆ. ಅಳಿಸಲು ಡಸ್ಟರ್ ಎತ್ತಿದೆ. "ಅಳಿಸ್ಬೇಡಿ ಸಾರ್, ಇನ್ನೂ ಬರ್ಕೊಂಡಿಲ್ಲ" ಅಂತ ಹಿಂದಿನ ಬೆಂಚಿನಿಂದ ಕೂಗು ಬಂತು. ಸರಿ, ಬರೆದುಕೊಳ್ಳಲಿ ಅಂತ ಸುಮ್ನೆ ನಿಂತೆ. ನಿಂತವನು ಬೋರ್ಡ್ ನೋಡಿದೆ. ಅವತ್ತು ನಾನು ಹೇಳಬೇಕಿದ್ದ ಬೀಜಗಣಿತ ಆ ಬೋರ್ಡಿನ ಮೇಲೇ ಇತ್ತು.

ಲಘು ಅಂದರೆ ಒಂದು ಮಾತ್ರೆ, ಗುರು ಅಂದರೆ ಎರಡು. ಭಾಮಿನಿಯ ಚಿಕ್ಕ ಸಾಲಿನಲ್ಲಿ 14 ಮಾತ್ರೆ. ದೊಡ್ಡ ಸಾಲಿನಲ್ಲಿ 23. ದೊಡ್ಡ ಸಾಲು ಅಂದರೆ ಚಿಕ್ಕ ಸಾಲಿನ ಒಂದೂವರೆ ಪಟ್ಟು, ಕೊನೆಗೊಂದು ಗುರು. ಇದು ಭಾಮಿನಿಗೆ ಮಾತ್ರ ಅಲ್ಲ. ಶರ, ಕುಸುಮ, ಭೋಗ, ಪರಿವರ್ಧಿನಿ, ವಾರ್ಧಕ, ಎಲ್ಲದರದ್ದೂ ಇದೇ ಲೆಕ್ಕ. ಚಿಕ್ಕ ಸಾಲಿನ ಮಾತ್ರೆಗೆ 'ಮ' ಅಂತ ಹೆಸರಿಡಿ ಅಂದೆ. ಅಂಥ ಸಾಲು ನಾಲ್ಕು. ದೊಡ್ಡ ಸಾಲು ಎರಡು. ಕೂಡಿ ನೋಡಿ ಅಂದೆ. ಐದು ನಿಮಿಷದಲ್ಲಿ ಉತ್ತರ ಬಂತು: 7ಮ + 4. ಶರಕ್ಕೆ 8 ಹಾಕಿದರೆ 60. ಭಾಮಿನಿಗೆ 14 ಹಾಕಿದರೆ 102. ವಾರ್ಧಕಕ್ಕೆ 20 ಹಾಕಿದರೆ 144. ಆರು ಷಟ್ಪದಿಗೆ ಆರು ಸಂಖ್ಯೆ ಅಂತ ಬಾಯಿಪಾಠ ಮಾಡಿದ್ದ ಮಕ್ಕಳು ಒಂದೇ ಸೂತ್ರದಲ್ಲಿ ಆರನ್ನೂ ಹಿಡಿದರು. "ಇದು ಕನ್ನಡ ನೋಟ್ಸಿಗಾ, ಗಣಿತದ ನೋಟ್ಸಿಗಾ ಸಾರ್?" ಅಂತ ಒಬ್ಬಳು ಕೇಳಿದಳು. ನನಗೆ ಆಗ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆಯನ್ನು ನಿಮ್ಮ ಮುಂದೆ ಇಡಲು ಈ ಪತ್ರ ಬರೆಯುತ್ತಿದ್ದೇನೆ.

ಎಐ ಶಾಲೆಗೆ ಬರುತ್ತಿದೆ. ಸಿಬಿಎಸ್‌ಇ 2019-20ರಲ್ಲೇ 9ನೇ ತರಗತಿಗೆ ಅದನ್ನು ಐಚ್ಛಿಕ ವಿಷಯವಾಗಿ ತಂದಿತು. ನಮ್ಮ ಮಕ್ಕಳಿಗೂ ಇವತ್ತಲ್ಲ ನಾಳೆ ಅದರ ಪಾಠ ಬರುತ್ತದೆ. ಬರಲಿ, ನನಗೆ ಖುಷಿಯೇ. ಆದರೆ ಆ ಪಾಠ ಕಂಪ್ಯೂಟರ್ ಕೋಣೆಯಲ್ಲಿ ಶುರುವಾಗಿ, ಯಾವ ಗುಂಡಿ ಒತ್ತಬೇಕು ಅನ್ನುವಲ್ಲಿಗೆ ಮುಗಿಯಬಾರದು. ಆ ಯಂತ್ರದ ಒಳಗಿರುವ ಗಣಿತದ ಬೇರು ನಮ್ಮ ಕನ್ನಡ ಪೀರಿಯಡ್ಡಿನಲ್ಲಿದೆ, ಸಂಗೀತದ ಪಾಠದಲ್ಲಿದೆ, ಮನೆ ಮುಂದಿನ ರಂಗೋಲಿಯಲ್ಲಿದೆ. ಅಭಿಮಾನದ ಮಾತಾಗಿ ಇದನ್ನು ಹೇಳುತ್ತಿಲ್ಲ. ಲೆಕ್ಕ ಮಾಡಿ ತೋರಿಸುತ್ತೇನೆ.

ಮೊದಲು 'ಪ್ರಸ್ತಾರ' ಅನ್ನುವ ಪದ. ಪರೀಕ್ಷೆಯಲ್ಲಿ "ಪ್ರಸ್ತಾರ ಹಾಕಿ, ಗಣ ವಿಭಾಗ ಮಾಡಿ, ಛಂದಸ್ಸಿನ ಹೆಸರು ಬರೆಯಿರಿ" ಅಂತ ಕೇಳುತ್ತೇವೆ. ಹಾಗಾಗಿ ಮಕ್ಕಳಿಗೆ ಪ್ರಸ್ತಾರ ಅಂದರೆ ಇರುವ ಪದ್ಯದ ಮೇಲೆ ಗುರುತು ಹಾಕುವುದು. ಹಳಬರಿಗೆ ಅದು ಹಾಗಿರಲಿಲ್ಲ. ಪ್ರಸ್ತಾರ ಅಂದರೆ ಹರಡಿಡುವುದು. ಇಷ್ಟು ಅಕ್ಷರಕ್ಕೆ ಲಘು ಗುರುಗಳ ಎಷ್ಟು ಜೋಡಣೆ ಸಾಧ್ಯವೋ ಅಷ್ಟನ್ನೂ, ಒಂದೂ ಬಿಡದೆ, ಒಂದೂ ಎರಡು ಸಲ ಬಾರದಂತೆ, ಸಾಲಾಗಿ ಬರೆಯುವುದು. ಪಿಂಗಳನ ಛಂದಶ್ಶಾಸ್ತ್ರದಲ್ಲಿ ಇದರ ವಿಧಾನ ಇದೆ. ಕನ್ನಡದಲ್ಲಿ ನಾಗವರ್ಮ 10ನೇ ಶತಮಾನದ ಕೊನೆಯಲ್ಲಿ ಛಂದಸ್ಸಿಗೆಂದೇ ಗ್ರಂಥ ಬರೆದ. ಆ ದೊಡ್ಡ ಲೆಕ್ಕದಲ್ಲಿ ನಾವು ಇಟ್ಟುಕೊಂಡಿರುವುದು ಮೂರು ಅಂಕದ ಪ್ರಶ್ನೆಗೆ ಬೇಕಾದಷ್ಟು ಮಾತ್ರ.

ಮೂರು ಅಕ್ಷರಕ್ಕೆ ಎಂಟು ಗಣ. ಅವುಗಳ ಕ್ರಮ ಮ, ಯ, ರ, ಸ, ತ, ಜ, ಭ, ನ. ಈ ಪಟ್ಟಿ ಬರೆಯದೆ ಆರನೇ ಗಣ ಯಾವುದು ಅಂತ ಹೇಳಬಹುದು. ಅದಕ್ಕೆ ನಷ್ಟ ಅಂತ ಹೆಸರು. ಅಂದರೆ ಕಳೆದುಹೋದ ಸಾಲನ್ನು ಹುಡುಕುವುದು. ಸಂಖ್ಯೆ ಸಮ ಆಗಿದ್ದರೆ ಲಘು ಬರೆದು ಅರ್ಧ ಮಾಡಿ. ಬೆಸ ಆಗಿದ್ದರೆ ಗುರು ಬರೆದು, ಒಂದು ಕೂಡಿ, ಅರ್ಧ ಮಾಡಿ. 6 ಸಮ, ಲಘು, ಅರ್ಧ 3. 3 ಬೆಸ, ಗುರು, ಒಂದು ಕೂಡಿದರೆ 4, ಅರ್ಧ 2. 2 ಸಮ, ಲಘು. ಬಂದದ್ದು ಲಘು, ಗುರು, ಲಘು. ಜ ಗಣ! ಕ್ಲಾಸಿನಲ್ಲಿ ಇದನ್ನು ಮಾಡಿದಾಗ ಮಕ್ಕಳು ನಂಬಲಿಲ್ಲ. ಎಂಟೂ ಸಂಖ್ಯೆ ಹಾಕಿ ನೋಡಿದರು. ಎಂಟೂ ಸರಿ ಬಂತು. ಲಘು ಇದ್ದಲ್ಲಿ 1, ಗುರು ಇದ್ದಲ್ಲಿ 0 ಅಂತ ಇಟ್ಟರೆ ಕಂಪ್ಯೂಟರ್ ಒಳಗೆ ಓಡಾಡುವ, 0 ಮತ್ತು 1 ಎರಡೇ ಅಂಕಿಯ ಲೆಕ್ಕ ಇದೇ.

ಈಗ ಇದನ್ನೇ ಉತ್ಪಲಮಾಲೆ ಅನ್ನುವ ವೃತ್ತಕ್ಕೆ ಹಿಗ್ಗಿಸಿ. ಅದರ ಸಾಲಿಗೆ 20 ಅಕ್ಷರ. ಪ್ರತಿ ಜಾಗಕ್ಕೂ ಎರಡು ಆಯ್ಕೆ. ಒಟ್ಟು ಜೋಡಣೆ 10,48,576. ಇಷ್ಟರಲ್ಲಿ ಉತ್ಪಲಮಾಲೆ ಒಂದೇ ಒಂದು. ಎಷ್ಟನೆಯದು? ಮೊದಲ ಜಾಗದ ಬೆಲೆ 1, ಮುಂದಿನವು 2, 4, 8 ಹೀಗೆ ಇಮ್ಮಡಿ. ಲಘು ಬಿದ್ದ ಜಾಗಗಳ ಬೆಲೆ ಕೂಡಿ, ಒಂದು ಸೇರಿಸಿದರೆ 3,55,799. ಪಂಪ, ರನ್ನರು ಮತ್ತೆ ಮತ್ತೆ ಬಳಸಿದ ಆ ನಡಿಗೆಗೆ ಹತ್ತು ಲಕ್ಷ ಮನೆಗಳ ಬೀದಿಯಲ್ಲಿ ಒಂದು ಮನೆ ನಂಬರ್ ಇದೆ. ಉಳಿದ ಮನೆಗಳಲ್ಲಿ ಬಹುಪಾಲು ಖಾಲಿ. ಈ ಖಾಲಿ ಮನೆಗಳ ವಿಷಯಕ್ಕೆ ಮತ್ತೆ ಬರುತ್ತೇನೆ.

"ಯಮಾತಾರಾಜಭಾನಸಲಗಂ" ಅಂತ ನಾವೆಲ್ಲ ರಾಗವಾಗಿ ಹೇಳಿ ಕಲಿತಿದ್ದೇವೆ, ಅಲ್ವಾ? ಎಂಟು ಗಣಗಳನ್ನು ಬಿಡಿಬಿಡಿಯಾಗಿ ಬರೆದರೆ 24 ಗುರುತು ಬೇಕು. ಇಲ್ಲಿ ಹತ್ತೇ ಅಕ್ಷರದಲ್ಲಿ ಎಂಟೂ ಒಂದರ ಮೇಲೊಂದು ಹೆಗಲು ಕೊಟ್ಟು ಕೂತಿವೆ. ಯಾವುದಾದರೂ ಗಣದ ಹೆಸರಿನಿಂದ ಹಿಡಿದು ಮೂರು ಅಕ್ಷರ ಓದಿ, ಆ ಗಣ ಸಿಗುತ್ತದೆ. ಇಂಥ ಸರಣಿಗಳಿಗೆ ಇಂದಿನ ಗಣಿತದಲ್ಲಿ ಡಿ ಬ್ರಯ್ನ್ ಸರಣಿ ಅಂತ ಹೆಸರು. ಆ ಡಚ್ ಗಣಿತಜ್ಞ ಅದರ ಬಗ್ಗೆ ಬರೆದದ್ದು 1946ರಲ್ಲಿ. ಅದೇ ಹೆಸರಿನ ಜಾಲ ಇವತ್ತು ಡಿಎನ್‌ಎ ತುಣುಕುಗಳನ್ನು ಸೇರಿಸಿ ಪೂರ್ತಿ ಸರಣಿ ಕಟ್ಟಲು ಬಳಕೆಯಲ್ಲಿದೆ. ನಮ್ಮ ಮಕ್ಕಳು ಅದನ್ನು ಮಗ್ಗಿಯ ಹಾಗೆ ಹೇಳುತ್ತಾರೆ. ಹೇಳುತ್ತಿರುವುದು ಏನು ಅಂತ ಅವರಿಗೆ ಯಾರೂ ಹೇಳುವುದಿಲ್ಲ. ಇದು ನನಗೆ ತುಂಬ ನೋವಿನ ಸಂಗತಿ.

ಇನ್ನು ತಾಳ. ನಮ್ಮ ಶಾಲೆಯಲ್ಲಿ ಸಂಗೀತದ ಮೇಷ್ಟ್ರು ಇಲ್ಲ. ಚಿತ್ರಕಲೆಯ ಮೇಡಂ ನಿವೃತ್ತರಾದ ಮೇಲೆ ಆ ಜಾಗಕ್ಕೂ ಯಾರೂ ಬಂದಿಲ್ಲ. ನಾನು ಹುಡುಗನಾಗಿದ್ದಾಗ ಮೂರ್ನಾಲ್ಕು ವರ್ಷ ಮೃದಂಗ ಕಲಿತಿದ್ದೆ. ಅಷ್ಟು ಬಂಡವಾಳದಲ್ಲಿ ಶನಿವಾರ ಬೆಳಿಗ್ಗೆ ಮಕ್ಕಳ ಕೈಲಿ ತಾಳ ಹಾಕಿಸುತ್ತೇನೆ. ಬೆಂಚೇ ವಾದ್ಯ.

ಕುಮಾರವ್ಯಾಸನ ಮೊದಲ ಸಾಲು ತೆಗೆದುಕೊಳ್ಳಿ: "ಶ್ರೀವನಿತೆಯರಸನೆ ವಿಮಲ ರಾ". ಶ್ರೀವ, ನಿತೆಯರ, ಸನೆವಿ, ಮಲರಾ. ಮೂರು, ನಾಲ್ಕು, ಮೂರು, ನಾಲ್ಕು. ಇದನ್ನೇ ಬೆಂಚಿನ ಮೇಲೆ ತಕಿಟ ತಕದಿಮಿ, ತಕಿಟ ತಕದಿಮಿ ಅಂತ ಬಾರಿಸಿ. ಮಿಶ್ರ ನಡೆ. 'ರಾಜೀವ' ಅನ್ನುವ ಪದ ಸಾಲಿನ ಕೊನೆಯಲ್ಲಿ 'ರಾ' ಅಂತ ಮುರಿದು ಯಾಕೆ ನಿಂತಿದೆ ಅಂತ ಯಾರಿಗೂ ವಿವರಿಸಬೇಕಾಗಿಲ್ಲ. ಕೈ ನಿಂತಲ್ಲಿ ಅಕ್ಷರ ನಿಂತಿದೆ, ಅಷ್ಟೇ.

ಒಬ್ಬ ಹುಡುಗನ ಬಗ್ಗೆ ಹೇಳಲೇಬೇಕು. ಜಾತ್ರೆಯಲ್ಲಿ ಡೊಳ್ಳು ಬಾರಿಸುವವನು. ಗಣಿತದಲ್ಲಿ ಪ್ರತಿ ಸಲವೂ ಕಡಿಮೆ ಅಂಕ. ಒಂದು ಶನಿವಾರ ಆದಿತಾಳಕ್ಕೆ ಮುಕ್ತಾಯ ಕೂರಿಸುವ ಲೆಕ್ಕ ಕೊಟ್ಟೆ. ಆದಿತಾಳದ ಒಂದು ಆವರ್ತ ಅಂದರೆ ಎಂಟು ಎಣಿಕೆ. ಒಂದೊಂದರಲ್ಲಿ ನಾಲ್ಕರಂತೆ 32 ಮಾತ್ರೆ. 'ತದಿಗಿಣತೊಂ' ಐದು ಮಾತ್ರೆಯದು. ಅದನ್ನು ಮೂರು ಸಲ ಹೇಳಬೇಕು. ನಡುವೆ ಎರಡು ಕಡೆ ಒಂದೇ ಅಳತೆಯ ಬಿಡುವು ಇರಬೇಕು. ಮುಗಿದ ಮರುಕ್ಷಣ ಸಮ, ಅಂದರೆ ತಾಳದ ಮೊದಲ ಎಣಿಕೆ, ಬೀಳಬೇಕು. ತಾಳದ ಶುರುವಿನಿಂದಲೇ ಹಿಡಿದರೆ ಆಗುತ್ತದಾ? ಮೂರೈದು ಹದಿನೈದು, ಬಿಡುವು ಎರಡು ಪಾಲು, ಒಟ್ಟು 32 ಆಗಬೇಕು. ಉಳಿಯುವುದು 17. ಅದು ಎರಡಕ್ಕೆ ಸಮನಾಗಿ ಒಡೆಯುವುದಿಲ್ಲ. ಆ ಹುಡುಗ ಎರಡು ಸಲ ಬೆಂಚು ಬಡಿದು "ಆಗಲ್ಲ ಸಾರ್, ಕಾಲು ಎಡವುತ್ತೆ" ಅಂದ. ಮತ್ತೆ ಬಾರಿಸಿ, ಬಿಡುವು ಎರಡೆರಡು ಇಟ್ಟುಕೊಂಡು, "ಹದಿಮೂರು ಬಿಟ್ಟು ಹಿಡೀಬೇಕು" ಅಂದ. ಹೌದು. 15ಕ್ಕೆ 4 ಸೇರಿದರೆ 19. 32ರಲ್ಲಿ 19 ಹೋದರೆ 13. ಹದಿನಾಲ್ಕನೇ ಮಾತ್ರೆಗೆ ಎತ್ತಿದರೆ ಸರಿಯಾಗಿ ಸಮಕ್ಕೆ ಬಂದು ಬೀಳುತ್ತದೆ. ಅವನು ಪೆನ್ನು ಮುಟ್ಟಿರಲಿಲ್ಲ.

ಎರಡು ಚರಾಕ್ಷರದ ಸಮೀಕರಣ ಅಂತ ನಾವು 10ನೇ ತರಗತಿಯಲ್ಲಿ ಹೇಳಿಕೊಡುವುದು ಇದನ್ನೇ. ಪುಸ್ತಕದಲ್ಲಿ ಪೆನ್ಸಿಲು, ರಬ್ಬರು ಕೊಳ್ಳುವ ಉದಾಹರಣೆಗಳು ಇರುತ್ತವೆ. ಇರಲಿ. ಜೊತೆಗೆ ಒಂದು ಮುಕ್ತಾಯವೂ ಇರಲಿ ಅಂತ ಕೇಳುತ್ತಿದ್ದೇನೆ.

ರಂಗೋಲಿಯಲ್ಲಿ ಹೆಣ್ಣುಮಕ್ಕಳು ನನಗಿಂತ ಜಾಸ್ತಿ ಬಲ್ಲವರು. '15ರಿಂದ 8, ಸಂದು ಚುಕ್ಕಿ' ಅಂದರೆ ಸಾಕು, ನೆಲದ ಮೇಲೆ ಷಟ್ಕೋನ ಎದ್ದು ನಿಲ್ಲುತ್ತದೆ. ಒಟ್ಟು ಚುಕ್ಕಿ ಎಷ್ಟು ಅಂತ ಎಣಿಸದೆ ಹೇಳಲು ಸಮಾಂತರ ಶ್ರೇಢಿ ಬೇಕು. ಉತ್ತರ 169. ಅದಕ್ಕಿಂತ ಸೊಗಸಾದದ್ದು ಎಳೆ ರಂಗೋಲಿ. 3 ಸಾಲು, ಸಾಲಿಗೆ 4 ಚುಕ್ಕಿ ಇಡಿ. ಚುಕ್ಕಿಗಳ ನಡುವೆ ಓರೆಯಾಗಿ ಎಳೆ ಎಳೆಯುತ್ತ, ಅಂಚಿಗೆ ಬಂದಾಗ ಬಳಸಿ ತಿರುಗಿಸುತ್ತ ಹೋಗಿ. ಕೈ ಎತ್ತದೆ ಶುರು ಮಾಡಿದ ಜಾಗಕ್ಕೇ ಬರುತ್ತೀರಿ, ಎಲ್ಲ ಚುಕ್ಕಿಯೂ ಸುತ್ತಿರುತ್ತದೆ. 3 ಸಾಲಿಗೆ 3 ಚುಕ್ಕಿ ಇಟ್ಟರೆ ಒಂದೇ ಎಳೆಯಲ್ಲಿ ಮುಗಿಯುವುದಿಲ್ಲ, ಮೂರು ಎಳೆ ಬೇಕು. 4 ಸಾಲಿಗೆ 6 ಚುಕ್ಕಿ ಆದರೆ ಎರಡು ಎಳೆ. ಎಷ್ಟು ಎಳೆ ಬೇಕು ಅನ್ನುವುದು ಆ ಎರಡು ಸಂಖ್ಯೆಗಳ ಮಹತ್ತಮ ಸಾಮಾನ್ಯ ಅಪವರ್ತನ. ನಾನು ಎಷ್ಟೋ ವರ್ಷ ಮ.ಸಾ.ಅ. ಅನ್ನು ಭಾಗಾಕಾರದ ಏಣಿ ಹಾಕಿ ಕಲಿಸಿದೆ. ಈಗ ಮಕ್ಕಳು ಸೀಮೆಸುಣ್ಣ ಹಿಡಿದು ಅಂಗಳದಲ್ಲಿ ಅದನ್ನು ನೋಡುತ್ತಾರೆ.

ರಂಗೋಲಿಯಿಂದ ಕಂಪ್ಯೂಟರಿಗೆ ಬಹಳ ದೂರ ಅನ್ನಿಸಬಹುದು. ಚೆನ್ನೈನ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಿಫ್ಟ್ ಸಿರೊಮೊನಿ, ರಾಣಿ ಸಿರೊಮೊನಿ ಮತ್ತು ಕಮಲಾ ಕೃತಿವಾಸನ್ ತಮಿಳು ನಾಡಿನ ಹೆಂಗಸರು ಹಾಕುವ ಕೋಲಂ ನೋಡಿ, ಅದಕ್ಕೆ ವ್ಯಾಕರಣ ಬರೆದರು. ಭಾಷೆಗೆ ವ್ಯಾಕರಣ ಇರುವ ಹಾಗೆ ಚಿತ್ರಕ್ಕೂ ನಿಯಮಗಳ ವ್ಯಾಕರಣ. 1974ರಲ್ಲಿ ಅವರ ಲೇಖನ ಅಂತರರಾಷ್ಟ್ರೀಯ ಕಂಪ್ಯೂಟರ್ ಪತ್ರಿಕೆಯಲ್ಲಿ ಬಂತು. ಬಾಗಿಲ ಮುಂದಿನ ಹಿಟ್ಟಿನ ಗೆರೆಯಿಂದ ಕಂಪ್ಯೂಟರ್ ವಿಜ್ಞಾನದ ಒಂದು ಕವಲು ಬೆಳೆದದ್ದು ಹೀಗೆ. ನಮ್ಮ ಪುಸ್ತಕಗಳಲ್ಲಿ ಇದಕ್ಕೆ ಒಂದು ಪ್ಯಾರಾ ಜಾಗ ಕೊಡಬಹುದಲ್ಲವೇ?

ಈಗ ಎಐ ವಿಷಯಕ್ಕೆ ಬರುತ್ತೇನೆ.

1913ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಆಂದ್ರೇ ಮಾರ್ಕೋವ್ ಅನ್ನುವ ಗಣಿತಜ್ಞ ಒಂದು ಕವಿತೆ ಮುಂದಿಟ್ಟುಕೊಂಡು ಕೂತ. ಪುಷ್ಕಿನ್ ಬರೆದ ಪದ್ಯಕಾದಂಬರಿ ಅದು. ಅದರ ಮೊದಲ 20,000 ಅಕ್ಷರಗಳಲ್ಲಿ ಸ್ವರ ಎಷ್ಟು, ವ್ಯಂಜನ ಎಷ್ಟು ಅಂತ ಕೈಯಲ್ಲೇ ಎಣಿಸಿದ. ಸ್ವರ 8,638, ವ್ಯಂಜನ 11,362. ಅಷ್ಟಕ್ಕೇ ನಿಲ್ಲಲಿಲ್ಲ. ಸ್ವರ ಆದ ಮೇಲೆ ಮತ್ತೆ ಸ್ವರ ಎಷ್ಟು ಸಲ ಬರುತ್ತದೆ ಅಂತ ನೋಡಿದ. 1,104 ಸಲ ಮಾತ್ರ. ಅಂದರೆ ಈಗ ಬಂದ ಅಕ್ಷರ ಮುಂದಿನ ಅಕ್ಷರದ ಸುಳಿವು ಕೊಡುತ್ತದೆ. ಇವತ್ತು ಫೋನಿನಲ್ಲಿ ನಮಗೆ ಪತ್ರ ಬರೆದುಕೊಡುವ ಯಂತ್ರದ ಅಜ್ಜ ಈ ಲೆಕ್ಕ. ಈಗಿನವು ಒಂದು ಅಕ್ಷರ ಹಿಂದಕ್ಕೆ ನೋಡಿ ಬಿಡುವುದಿಲ್ಲ. ಹಿಂದಿನ ಸಾವಿರಾರು ತುಣುಕುಗಳನ್ನು ನೋಡಿ, ಯಾವುದಕ್ಕೆ ಎಷ್ಟು ಗಮನ ಕೊಡಬೇಕು ಅಂತ ತೂಗುತ್ತವೆ. ಈ ಬಗೆಯ ರಚನೆ ಬಂದದ್ದು 2017ರಲ್ಲಿ. ಆದರೂ ಒಳಗಿನ ಪ್ರಶ್ನೆ ಅದೇ: ಮುಂದೆ ಏನು ಬರಬಹುದು?

ನಾನು ಕ್ಲಾಸಿನಲ್ಲಿ ಇದನ್ನು ಕುಮಾರವ್ಯಾಸನ ಅದೇ ಸಾಲಿನಲ್ಲಿ ಮಾಡಿಸಿದೆ. 12 ಅಕ್ಷರ. ಗುರು 2, ಲಘು 10. ಲಘುವಿನ ಮುಂದೆ ಲಘು 9 ಸಲ, ಗುರು ಒಂದೇ ಸಲ. ಒಂದು ಸಾಲಿಗೆ ಏನೂ ತಿಳಿಯುವುದಿಲ್ಲ. ಬೆಂಚಿಗೊಂದು ಪದ್ಯ ಹಂಚಿದೆ. ಎಲ್ಲರ ಲೆಕ್ಕ ಬೋರ್ಡಿನ ಮೇಲೆ ಕೂಡಿಸಿದೆವು. ಆಮೇಲೆ ಆ ಸಂಖ್ಯೆಗಳ ಪ್ರಕಾರ ಚೀಟಿ ಮಾಡಿ, ಡಬ್ಬಿಗೆ ಹಾಕಿ, ಒಂದೊಂದೇ ಎತ್ತಿ ಹೊಸ ಸಾಲಿನ ಲಘು ಗುರುಗಳನ್ನು ಕಟ್ಟಿದೆವು. ಮಕ್ಕಳು ಅದನ್ನು ಬೆಂಚಿನ ಮೇಲೆ ಬಾರಿಸಿ ನೋಡಿದರು. "ಭಾಮಿನಿ ಥರಾನೇ ಇದೆ, ಆದ್ರೆ ಭಾಮಿನಿ ಅಲ್ಲ" ಅಂದರು. ಕರೆಂಟ್ ಇಲ್ಲದ ದಿನ, ಒಂದು ಡಬ್ಬಿ ಚೀಟಿಯಲ್ಲಿ, ಯಂತ್ರ ಹೇಗೆ ಬರೆಯುತ್ತದೆ ಅನ್ನುವುದು ಅವರಿಗೆ ಗೊತ್ತಾಯಿತು.

ಇದನ್ನು ಸಂಗೀತದಲ್ಲಿ ಮಾಡಿ ನೋಡಿದವರೂ ಇದ್ದಾರೆ. ಯಂತ್ರ ಸಂಗೀತವನ್ನೂ ಕಟ್ಟಬಹುದು ಅಂತ ಏಡಾ ಲವ್‌ಲೇಸ್ 1843ರಲ್ಲೇ ಬರೆದಿದ್ದಳು. 1957ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಲೆಜಾರೆನ್ ಹಿಲ್ಲರ್, ಲೆನಾರ್ಡ್ ಐಸಾಕ್‌ಸನ್ ಇಬ್ಬರೂ ಇಲಿಯಾಕ್ ಅನ್ನುವ ಕಂಪ್ಯೂಟರಿನಿಂದ ನಾಲ್ಕು ತಂತಿವಾದ್ಯಗಳಿಗೆ ಒಂದು ಕೃತಿ ಮಾಡಿಸಿದರು. ಕಂಪ್ಯೂಟರ್ ಮನಬಂದಂತೆ ಸ್ವರ ಎಸೆಯುತ್ತಿತ್ತು. ಸಂಗೀತದ ನಿಯಮಕ್ಕೆ ಒಪ್ಪುವುದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡುತ್ತಿತ್ತು. ಕೊನೆಯ ಭಾಗದಲ್ಲಿ ಅವರು ಬಳಸಿದ್ದು ಮಾರ್ಕೋವನ ಲೆಕ್ಕವನ್ನೇ. ಕವಿತೆಯಿಂದ ಹೊರಟದ್ದು ವಯೊಲಿನ್ ತಂತಿಗೆ ಬಂದು ಸೇರಿತು.

ಖಾಲಿ ಮನೆಗಳ ವಿಷಯಕ್ಕೆ ಬರುತ್ತೇನೆ ಅಂದಿದ್ದೆ. ನನಗೆ ಬಹಳ ಮುಖ್ಯ ಅನ್ನಿಸಿರುವುದು ಇದು.

17ನೇ ಶತಮಾನದಲ್ಲಿ ತಂಜಾವೂರಿನಲ್ಲಿ ವೆಂಕಟಮಖಿ 72 ಮೇಳಗಳ, ಅಂದರೆ ರಾಗಗಳಿಗೆ ಮೂಲವಾದ ಸ್ವರಜೋಡಣೆಗಳ, ಪಟ್ಟಿ ಮಾಡಿದ. ಕನ್ನಡ ಮೂಲದ ಮನೆತನ. ತಂದೆ ಗೋವಿಂದ ದೀಕ್ಷಿತರು ನಾಯಕ ಅರಸರ ಮಂತ್ರಿ. ಅವನ ಲೆಕ್ಕ ಸರಳ. ಸ, ಪ ಕದಲುವುದಿಲ್ಲ. ಮಧ್ಯಮಕ್ಕೆ ಎರಡು ದಾರಿ. ರಿ-ಗ ಜೋಡಿಗೆ ಆರು. ಧ-ನಿ ಜೋಡಿಗೆ ಆರು. ಎರಡು, ಆರು, ಆರು ಗುಣಿಸಿದರೆ 72. ಆದರೆ ಅವನ ಕಾಲಕ್ಕೆ ಬಳಕೆಯಲ್ಲಿದ್ದ ಮೇಳಗಳು 19. ಉಳಿದ 53 ಬರೀ ಲೆಕ್ಕದಲ್ಲಿ ಇದ್ದವು. ಯಾರೂ ಹಾಡಿರಲಿಲ್ಲ. ಆಮೇಲೆ ಬಂದ ವಾಗ್ಗೇಯಕಾರರು ಒಬ್ಬೊಬ್ಬರಾಗಿ ಆ ಮನೆಗಳ ಬಾಗಿಲು ತೆರೆದು ಒಳಗೆ ದೀಪ ಇಟ್ಟರು. ಮುಂದೆ, ಅಕ್ಷರಕ್ಕೊಂದು ಅಂಕಿ ಕೊಡುವ ಕಟಪಯಾದಿ ಪದ್ಧತಿಯಲ್ಲಿ, ರಾಗದ ಹೆಸರಿನಲ್ಲೇ ಅದರ ನಂಬರ್ ಬಚ್ಚಿಟ್ಟರು. ಮಾಯಾಮಾಳವಗೌಳದ 'ಮಾ' ಐದು, 'ಯಾ' ಒಂದು. ತಿರುಗಿಸಿ ಓದಿದರೆ 15. ಮೇಚಕಲ್ಯಾಣಿಯ 'ಮೇ' ಐದು, 'ಚ' ಆರು. ತಿರುಗಿಸಿದರೆ 65. ಸಂಗೀತ ಕಲಿಯುವ ಮಗು ಸರಳೆ ವರಸೆ ಹಾಡುವ ರಾಗದಲ್ಲೇ ಒಂದು ಸಂಕೇತ ಭಾಷೆ ಅಡಗಿದೆ.

ಯೋಚಿಸಿ ನೋಡಿ. ಅವತ್ತು ಇದ್ದ ಸಂಗೀತವನ್ನು ಮಾತ್ರ ಕೇಳಿಸಿಕೊಂಡು, ಎಣಿಸಿ, ಅದರಂತೆ ಮುಂದಿನ ಸ್ವರ ಊಹಿಸುವ ಯಂತ್ರ ಇದ್ದಿದ್ದರೆ ಅದು ಆ 19ರ ಸುತ್ತಲೇ ಓಡಾಡುತ್ತಿತ್ತು. ವೆಂಕಟಮಖಿ ಹಾಗೆ ಮಾಡಲಿಲ್ಲ. ಅವನು ಪ್ರಸ್ತಾರ ಹಾಕಿದ. ಇದ್ದದ್ದನ್ನು ಎಣಿಸುವುದು ಒಂದು ವಿದ್ಯೆ. ಇರಬಹುದಾದದ್ದನ್ನು ಹರಡಿಡುವುದು ಇನ್ನೊಂದು ವಿದ್ಯೆ. ಹರಡಿಟ್ಟದ್ದರಲ್ಲಿ ಕಿವಿಗೆ ಒಪ್ಪುವುದನ್ನು ಆರಿಸುವುದು ಮೂರನೆಯದು. ಈಗಿನ ಎಐ ಮೊದಲನೆಯದರ ಮೇಲೆ ನಿಂತಿದೆ. ನಮ್ಮ ಮಕ್ಕಳಿಗೆ ಮೂರೂ ಬೇಕು.

ಆರಿಸುವುದು ಅಂದೆ. ಅದಕ್ಕೂ ಲೆಕ್ಕ ಇದೆ. ಮೂರು ಮಾತ್ರೆಯನ್ನು ಲಘು ಗುರುಗಳಿಂದ ತುಂಬಲು 3 ದಾರಿ. ನಾಲ್ಕಕ್ಕೆ 5. ಐದಕ್ಕೆ 8. ಆರಕ್ಕೆ 13. ಹಿಂದಿನ ಎರಡನ್ನು ಕೂಡಿದರೆ ಮುಂದಿನದು. ಯುರೋಪಿನ ಫಿಬೊನಾಚಿ 1202ರಲ್ಲಿ ಬರೆದ ಸಂಖ್ಯೆಗಳು ಇವೇ. ಅದಕ್ಕೆ ಸುಮಾರು ಐವತ್ತು ವರ್ಷ ಮೊದಲು ಗುಜರಾತಿನ ಹೇಮಚಂದ್ರ, ಅವನಿಗೂ ಎಷ್ಟೋ ಮೊದಲು ವಿರಹಾಂಕ, ಇದನ್ನು ಛಂದಸ್ಸಿನ ಲೆಕ್ಕವಾಗಿಯೇ ಹೇಳಿದ್ದರು. ಈಗ ಭಾಮಿನಿಯ ಚಿಕ್ಕ ಸಾಲಿಗೆ 3, 5, 3, 5 ಗುಣಿಸಿ. 225 ಬಗೆಯ ಸಾಲು ಸಾಧ್ಯ. ಆದರೆ ನಮ್ಮ ಷಟ್ಪದಿಯಲ್ಲಿ ಗಣವು ಲಘು-ಗುರು ಅಂತ ಶುರುವಾಗಬಾರದು. ಕಿವಿಗೆ ಎಡವಿದಂತೆ ಆಗುತ್ತದೆ. ಆ ಒಂದು ನಿಯಮ ಹಾಕಿದರೆ 2, 4, 2, 4. ಗುಣಿಸಿದರೆ 64. 225ರಿಂದ 64ಕ್ಕೆ ಇಳಿಸಿದ್ದು ಕನ್ನಡದ ಕಿವಿ. ಕುಮಾರವ್ಯಾಸ ಆ 64ರ ಒಳಗೇ ಕುರುಕ್ಷೇತ್ರ ಕಟ್ಟಿದ.

ಯಂತ್ರಕ್ಕೆ ಆ ಕಿವಿ ಇದೆಯಾ ಅಂತ ನಾವೂ ಪರೀಕ್ಷೆ ಮಾಡಿದೆವು. ಫೋನಿನಲ್ಲಿ ಒಂದು ಎಐ ತಂತ್ರಾಂಶಕ್ಕೆ ಮಳೆಯ ಮೇಲೆ ಭಾಮಿನಿ ಷಟ್ಪದಿ ಬರೆಯಲು ಹೇಳಿದೆವು. ಕಣ್ಣು ಮಿಟುಕಿಸುವಷ್ಟರಲ್ಲಿ ಆರು ಸಾಲು ಬಂತು. ಒಳ್ಳೆಯ ಪದಗಳೇ. ಮಕ್ಕಳು ಪ್ರಸ್ತಾರ ಹಾಕಿದರು. ಮೊದಲ ಸಾಲು 16 ಮಾತ್ರೆ. ಎರಡನೆಯದು 13. ಮೂರನೆಯ ಸಾಲಂತೂ ಲೆಕ್ಕಕ್ಕೇ ಸಿಗಲಿಲ್ಲ. ಇದರಲ್ಲಿ ಯಂತ್ರವನ್ನು ಹೀಗಳೆಯುವುದೇನೂ ಇಲ್ಲ. ಮುಂದೆ ಅದು ಕಲಿಯಬಹುದು. ಯಾಕೆ ಹೀಗಾಯಿತು ಅನ್ನುವುದೇ ಪಾಠ. 'ಸ್ತ್ರೀ' ಅಂತ ಬರೆಯಿರಿ. ನಮಗೆ ಅದು ಒಂದು ಅಕ್ಷರ, ಎರಡು ಮಾತ್ರೆ. ಕಂಪ್ಯೂಟರಿಗೆ ಅದು ಸ, ಅರ್ಧಚಿಹ್ನೆ, ತ, ಅರ್ಧಚಿಹ್ನೆ, ರ, ದೀರ್ಘದ ಗುರುತು, ಹೀಗೆ ಆರು ಸಂಕೇತ. ಸಂಕೇತಕ್ಕೆ ಮೂರರಂತೆ 18 ಬೈಟ್. ಭಾಷಾ ಯಂತ್ರಗಳು ಇದನ್ನು ತಮಗೆ ಅನುಕೂಲವಾದ ತುಣುಕುಗಳಾಗಿ ಕತ್ತರಿಸಿಕೊಳ್ಳುತ್ತವೆ. ಆ ಕತ್ತರಿ ನಮ್ಮ ಅಕ್ಷರದ ಅಂಚಿನಲ್ಲೇ ಬೀಳಬೇಕು ಅಂತೇನಿಲ್ಲ. ಮಾತ್ರೆ ಅನ್ನುವುದು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಬಾಯಲ್ಲಿ ಹೇಳಿ, ಬೆರಳಲ್ಲಿ ಎಣಿಸಿದ ನಮ್ಮ ಮಕ್ಕಳಿಗೆ ಅದು ಕೂಡಲೇ ಗೊತ್ತಾಯಿತು.

ಅದೇ ಮಕ್ಕಳು ಆಮೇಲೆ ಲಘು ಗುರು ಗುರುತಿಸುವ ಒಂದು ಸಣ್ಣ ಪ್ರೋಗ್ರಾಂ ಬರೆಯಲು ಕೂತರು. ದೀರ್ಘ ಇದ್ದರೆ ಗುರು. ಅನುಸ್ವಾರ, ವಿಸರ್ಗ ಇದ್ದರೆ ಗುರು. ಮುಂದೆ ಒತ್ತಕ್ಷರ ಬಂದರೆ ಹಿಂದಿನದು ಗುರು. ಕನ್ನಡ ಮೇಡಂ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಎಲ್ಲಿ ತಪ್ಪುತ್ತಿದೆ ಅಂತ ತೋರಿಸುತ್ತಿದ್ದವರು ಅವರೇ. ನಾನು ಅವತ್ತು ಮೇಷ್ಟ್ರು ಆಗಿರಲಿಲ್ಲ, ವಿದ್ಯಾರ್ಥಿ ಆಗಿದ್ದೆ.

ಹಿರಿಯರೇ, ನಾನು ಕೇಳುವುದು ಹೊಸ ವಿಷಯವನ್ನಲ್ಲ, ಹೊಸ ಪುಸ್ತಕವನ್ನೂ ಅಲ್ಲ. ಕನ್ನಡ ಪುಸ್ತಕದ ಛಂದಸ್ಸಿನ ಪಾಠದಲ್ಲಿ ಪ್ರಸ್ತಾರದ ಹಳೆಯ ಅರ್ಥಕ್ಕೆ ಒಂದು ಪುಟ ಕೊಡಿ. ನಷ್ಟದ ಆ ಮೂರು ಹೆಜ್ಜೆ ಬರಲಿ. ಗಣಿತದ ಪುಸ್ತಕದಲ್ಲಿ ಒಂದು ಮುಕ್ತಾಯ, ಒಂದು ಎಳೆ ರಂಗೋಲಿ, ಒಂದು ಷಟ್ಪದಿ ಅಭ್ಯಾಸಕ್ಕೆ ಬರಲಿ. ಎಐ ಪಾಠ ಬರೆಯುವಾಗ ಮೊದಲ ಚಟುವಟಿಕೆ ಕೈಯಲ್ಲಿ ಎಣಿಸುವುದಾಗಿರಲಿ. ಕಂಪ್ಯೂಟರ್ ಇಲ್ಲದ ಶಾಲೆಯೂ ಅವತ್ತೇ ಶುರು ಮಾಡಬಹುದು. ಮತ್ತೆ ದಯವಿಟ್ಟು, ಸಂಗೀತ ಮತ್ತು ಚಿತ್ರಕಲೆಯ ಶಿಕ್ಷಕರ ಜಾಗಗಳನ್ನು ತುಂಬಿಸಲು ನಿಮ್ಮ ಕೈಲಾದ ಕಡೆಯೆಲ್ಲ ಹೇಳಿ. ಕಂಪ್ಯೂಟರ್ ತಂದು, ತಾಳ ಹೇಳಿಕೊಡುವವರನ್ನು ಕೈಬಿಟ್ಟರೆ ಅರ್ಧ ಪಾಠ ಹೋದಂತೆ. ನನ್ನ ಮೂರ್ನಾಲ್ಕು ವರ್ಷದ ಮೃದಂಗ ಎಷ್ಟು ದೂರ ಬರುತ್ತದೆ?

ಇದೆಲ್ಲ ನಮ್ಮ ನಾಡಿಗೆ ಹೊಸದಲ್ಲ. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಗಣಿತ ಗ್ರಂಥ ಬರೆದ. ಅದರ ಶುರುವಿನಲ್ಲೇ ಗಣಿತ ಎಲ್ಲೆಲ್ಲಿ ಬೇಕು ಅಂತ ಪಟ್ಟಿ ಕೊಡುತ್ತಾನೆ. ಗ್ರಹಗಳ ಚಲನೆ ಇದೆ, ವ್ಯಾಪಾರ ಇದೆ. ಜೊತೆಗೇ ಸಂಗೀತ, ನಾಟಕ, ಅಡುಗೆ, ವೈದ್ಯ, ವಾಸ್ತು, ಛಂದಸ್ಸು, ಅಲಂಕಾರ, ಕಾವ್ಯ, ವ್ಯಾಕರಣ ಇವೆ. ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಅನ್ನುವ ಸೂತ್ರವನ್ನೂ ಅವನು ಕೊಟ್ಟ. ಪಿಯುಸಿಯಲ್ಲಿ ವಿಕಲ್ಪ ಅಂತ ನಾವು ಕಲಿಸುವುದು ಅದನ್ನೇ. 12ನೇ ಶತಮಾನದ ರಾಜಾದಿತ್ಯ ಕನ್ನಡದಲ್ಲೇ, ಪದ್ಯದಲ್ಲೇ ಗಣಿತ ಬರೆದ. ಅವನಿಗೆ "ಇದು ಕನ್ನಡ ನೋಟ್ಸಿಗಾ, ಗಣಿತದ ನೋಟ್ಸಿಗಾ" ಅನ್ನುವ ಪ್ರಶ್ನೆ ಬಂದಿರಲಾರದು.

ಆ ಪ್ರಶ್ನೆ ಕೇಳಿದ ಹುಡುಗಿ ಈಗ ಎರಡಕ್ಕೂ ಸೇರಿ ಒಂದೇ ನೋಟ್‌ಬುಕ್ ಮಾಡಿಕೊಂಡಿದ್ದಾಳೆ. ಅದರಲ್ಲಿ ಅವಳೇ ಹಾಕಿಕೊಂಡ ಒಂದು ಲೆಕ್ಕ ಇದೆ. ಮುಂದಿನ ಪುಸ್ತಕದಲ್ಲಿ ಅಭ್ಯಾಸಕ್ಕೆ ಸೇರಿಸಬಹುದಾ ನೋಡಿ. ಉತ್ಪಲಮಾಲೆಯ ಮೊದಲ ಗುರುವನ್ನು ಎರಡು ಲಘು ಮಾಡಿದರೆ ಚಂಪಕಮಾಲೆ. ಅಕ್ಷರ 21. ಒಟ್ಟು ಜೋಡಣೆ 20,97,152. ಅದರಲ್ಲಿ ಚಂಪಕಮಾಲೆ ಎಷ್ಟನೇ ಸಾಲು? ಅವಳಿಗೆ ಬಂದ ಉತ್ತರ 7,11,600. ಎರಡು ಸಲ ಕೂಡಿ ನೋಡಿದ್ದಾಳೆ. ನಾನೂ ನೋಡಿದೆ, ಸರಿ ಇದೆ.

ಇಂತಿ ನಿಮ್ಮವ,
ಒಬ್ಬ ಗಣಿತ ಮೇಷ್ಟ್ರು